ಬೇವು ಮತ್ತು ಅಮ್ಮ: ಜನಪದ ಚಿಕಿತ್ಸಾಚರಣೆಯ ಆಧ್ಯಾತ್ಮಿಕ ಅರ್ಥ

ಜನಪದ ವೈದ್ಯದ ಅಧ್ಯಯನಗಳು ಬಹುಮಟ್ಟಿಗೆ ಸಸ್ಯಗಳ ಪಟ್ಟಿಯಲ್ಲಿಯೇ ಮುಕ್ತಾಯಗೊಳ್ಳುತ್ತವೆ. ಯಾವ ಬೇರು ಯಾವ ರೋಗಕ್ಕೆ ಎಂಬ ಮಾಹಿತಿ ಅಗತ್ಯವೇ ಸರಿ. ಆದರೆ ಆಚರಣೆಯ ಆವರಣದೊಳಗೆ ಬಂದಾಗ ಆ ಸಸ್ಯಕ್ಕೆ ಒದಗುವ ಅರ್ಥವೇನು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯೂ ಸೇರಿದ ಬಯಲುಸೀಮೆಯಲ್ಲಿ ಮಾರಮ್ಮನ ಆರಾಧನೆಯೊಡನೆ ಬೆಸೆದುಕೊಂಡಿರುವ ಬೇವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಹಳೆಯ ಮೈಸೂರು ಭಾಗದಲ್ಲಿ ಸಿಡುಬು, ಸೀತಾಳೆ ಸಿಡುಬು, ದಡಾರಗಳು ಕಾಣಿಸಿಕೊಂಡರೆ ‘ರೋಗ ಬಂದಿದೆ’ ಎನ್ನುವ ರೂಢಿಯಿಲ್ಲ. ‘ಅಮ್ಮ ಆಗಿದೆ’ ಎನ್ನುತ್ತಾರೆ. ಈ ನುಡಿಯಲ್ಲಿಯೇ ಒಂದು ದರ್ಶನವಿದೆ. ಇಲ್ಲಿ ವ್ಯಾಧಿಯು ಹೊಡೆದಟ್ಟಬೇಕಾದ ಶತ್ರುವಲ್ಲ, ತಣಿಸಿ ಬೀಳ್ಕೊಡಬೇಕಾದ ಅತಿಥಿ. ಮೈಯ ಉರಿಯು ದೇವಿಯ ಉರಿಯಾದ್ದರಿಂದ ಬೇವು, ಮೊಸರನ್ನ, ಮಜ್ಜಿಗೆಗಳ ತಂಪು ಏಕಕಾಲದಲ್ಲಿ ರೋಗಿಗೂ ದೇವಿಗೂ ಸಲ್ಲುತ್ತದೆ. ಬೇವಿನ ಎಲೆ ಹಾಸಿ ಮಲಗಿಸುವುದು, ತುರಿಕೆಗೆ ಉಗುರು ತಾಗಿಸದೆ ಎಸಳಿನಿಂದ ಸವರುವುದು, ಮನೆಯಲ್ಲಿ ಒಗ್ಗರಣೆ ಹಾಕದಿರುವುದು, ಗುಣವಾದ ಮೇಲೆ ಬೇವಿನ ನೀರಿನ ಸ್ನಾನ ಮಾಡಿಸುವುದು ಇದರ ವಿಧಿಗಳು. ಬಾಗಿಲಿಗೆ ಕಟ್ಟಿದ ಸೊಪ್ಪು ಹೊರಗಿನವರನ್ನು ತಡೆಯುತ್ತದೆ. ಆದರೆ ಒಳಗಿರುವವನನ್ನು ಕೀಳುಗಾಣಿಸುವುದಿಲ್ಲ.

ಮಿರ್ಚಾ ಎಲಿಯಾಡೆ ೧೯೫೧ರ ತಮ್ಮ ಗ್ರಂಥದಲ್ಲಿ ಷಾಮನನ ಆತ್ಮವು ದೇಹ ಬಿಟ್ಟು ಲೋಕಾಂತರಗಳಿಗೆ ಸಂಚರಿಸುವುದನ್ನು ಮುಖ್ಯ ಲಕ್ಷಣವಾಗಿ ಗುರುತಿಸಿದರು. ಅಮೆಜಾನ್ ಕಾಡಿನ ಕೆಲವು ಬುಡಕಟ್ಟುಗಳಲ್ಲಿ ವೈದ್ಯನು ಅಯಾವಾಸ್ಕ ಎಂಬ ಸಸ್ಯಪಾನೀಯವನ್ನು ಸೇವಿಸಿ ರೋಗದ ಮೂಲವನ್ನು ‘ಕಾಣುತ್ತಾನೆ’. ನಮ್ಮ ಗ್ರಾಮದೇವತೆಯ ಸನ್ನಿಧಿಯಲ್ಲಿ ಈ ದಿಕ್ಕು ತಿರುವುಮುರುವಾಗಿದೆ. ಆತ್ಮ ಹೊರಹೋಗುವುದಿಲ್ಲ, ದೇವಿಯೇ ಮೈಮೇಲೆ ಬರುತ್ತಾಳೆ. ಬೇವು ಅಮಲೇರಿಸುವ ಸಸ್ಯವಲ್ಲ. ಮೈದುಂಬಿದವರ ಕೈಯಲ್ಲಿರುವ ಬೇವಿನ ಕೊಂಬೆಯು ಆವೇಶವನ್ನು ಹದದಲ್ಲಿರಿಸುವ ತಂಪು. ಅದರಿಂದಲೇ ಅವರು ರೋಗಿಯನ್ನು ತಲೆಯಿಂದ ಪಾದದವರೆಗೆ ನೀವುತ್ತಾರೆ. ಭಯದಿಂದ ದೂರ ಸರಿಯಬಹುದಾದ ದೇಹವನ್ನು ಸಮುದಾಯವು ಭಕ್ತಿಯಿಂದ ಸಮೀಪಿಸಲು ಈ ಎಲೆ ಮಾಧ್ಯಮವಾಗುತ್ತದೆ. ಬೇವಿನ ಆಧ್ಯಾತ್ಮಿಕ ಅರ್ಥ ಇರುವುದು ಇಲ್ಲಿಯೇ.

ಈ ಅರ್ಥವನ್ನು ಔಷಧಗುಣದೊಡನೆ ಬೆರೆಸಿ ಗೊಂದಲಗೊಳಿಸಲಾಗದು. ಭಾರತದಲ್ಲಿ ೧೯೭೫ರಲ್ಲಿ ಕೊನೆಗೊಂಡು, ೧೯೮೦ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿತವಾದ ಸಿಡುಬನ್ನು ನೀಗಿಸಿದ್ದು ಲಸಿಕೆ. ಇಂದಿಗೂ ಮಕ್ಕಳ ಪ್ರಾಣಕ್ಕೆರವಾಗಬಲ್ಲ ದಡಾರವನ್ನು ತಡೆಯುವುದೂ ಲಸಿಕೆಯೇ. ಅಮ್ಮನ ಹೆಸರಿನಲ್ಲಿ ವೈದ್ಯರನ್ನು ದೂರವಿಟ್ಟರೆ ಆಚರಣೆಯ ಆಶಯಕ್ಕೇ ಭಂಗ ಬರುತ್ತದೆ. ಏಕೆಂದರೆ ಅದರ ಆಶಯ ರೋಗಿಯ ರಕ್ಷಣೆ.

ಆದರೂ ಸಿಡುಬು ಅಳಿದ ಮೇಲೆ ಮಾರಮ್ಮ ಅಳಿಯಲಿಲ್ಲ. ೨೦೨೧ರಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ‘ಕೊರೊನಾ ಮಾರಮ್ಮ’ನ ಆರಾಧನೆ ಆರಂಭವಾದುದು ಗಮನಾರ್ಹ. ಇದನ್ನು ಮೌಢ್ಯವೆಂದು ಬದಿಗಿರಿಸುವ ಮುನ್ನ, ಅದೇ ಕಾಲದಲ್ಲಿ ಸೋಂಕಿತರು ಅನುಭವಿಸಿದ ಒಂಟಿತನವನ್ನೂ ನೆನೆಯಬೇಕು. ಲಸಿಕೆಯು ದೇಹವನ್ನು ಕಾಯುತ್ತದೆ; ರೋಗಿಯನ್ನು ಗೌರವದಿಂದ ಕಾಣುವ ಬಗೆಯನ್ನು ಬೇರೆಡೆಯಿಂದ ಕಲಿಯಬೇಕಾಗುತ್ತದೆ. ಹಳ್ಳಿಯ ಬಾಗಿಲಲ್ಲಿ ತೂಗುವ ಬೇವಿನ ಸೊಪ್ಪು ಆ ಪಾಠವನ್ನು ತಲೆಮಾರುಗಳಿಂದ ಹೇಳುತ್ತ ಬಂದಿದೆ.