ಅಂಟಿಸಿದ ಚಿತ್ರ ಅಂಟಿಸಿದಂತೆ ಕಾಣುವುದೇಕೆ?

ಹಲಸೂರಿಗೆ ಸಮೀಪದ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಕಳೆದ ವರ್ಷ ನನ್ನನ್ನು ಶಾಲೆಗೆ ಕರೆದರು. ಅವರ ವಿದ್ಯಾರ್ಥಿಗಳು ವಿಜ್ಞಾನ ಪ್ರದರ್ಶನಕ್ಕೆಂದು ಎರಡು ಕಿರು ವಿಡಿಯೊಗಳನ್ನು ತಯಾರಿಸಿದ್ದರು. ಮೊದಲನೆಯದು ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ಕುರಿತದ್ದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ ಘಟನೆಯಿಂದ ಅದು ಆರಂಭವಾಗುತ್ತಿತ್ತು. ಎರಡನೆಯದು ಕೆ.ಆರ್. ಪುರದ ತೂಗುಸೇತುವೆಯ ಕೇಬಲ್‌ಗಳಲ್ಲಿನ ಎಳೆತ ಕುರಿತದ್ದು. ಮೊದಲನೆಯದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿ ಕೆರೆಯ ದಂಡೆಯಲ್ಲಿ ನಿಂತು ಮಾತನಾಡುತ್ತಾಳೆ. ವಾಸ್ತವವಾಗಿ ಅವಳು ನಿಂತಿದ್ದುದು ತರಗತಿಯಲ್ಲಿ, ಶಿವಾಜಿನಗರದಿಂದ ತಂದ ಹಸಿರು ಬಟ್ಟೆಯ ಮುಂದೆ. ಕೆರೆಯನ್ನು ಬೇರೆಯಾಗಿ ಚಿತ್ರೀಕರಿಸಿ ಕಂಪ್ಯೂಟರಿನಲ್ಲಿ ಜೋಡಿಸಿದ್ದರು.

ಜೋಡಣೆ ಚೆನ್ನಾಗಿ ಬಂದಿರಲಿಲ್ಲ. ದುಪಟ್ಟಾದ ಅಂಚಿಗೆ ಕಪ್ಪು ಗೆರೆ, ಕೆನ್ನೆಗೆ ಹಸಿರು ಛಾಯೆ, ಆಗಾಗ ಹಿನ್ನೆಲೆಯಲ್ಲಿ ಮಿಣುಕು. "ಸರ್, ನನ್ನ ಕೈಯೊಳಗೆ ಕೆರೆ ಕಾಣ್ತಿದೆ" ಎಂದು ಆ ಹುಡುಗಿಯೇ ತೋರಿಸಿದಳು. ಕಂಪ್ಯೂಟರ್ ಹಳೆಯದು, ಹೊಸದನ್ನು ಕೊಳ್ಳಬೇಕೆಂದು ಯಾರೋ ಸಲಹೆ ಕೊಟ್ಟಿದ್ದರು. ಹಳೆಯ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆಂದು ಕೂಡಿಸಿಕೊಟ್ಟ ಹಣ ಅದಕ್ಕೆ ಹೋಗುವುದರಲ್ಲಿತ್ತು. ಕೊಳ್ಳುವ ಮೊದಲು ಒಮ್ಮೆ ನೋಡಿ ಎಂಬುದು ಶಿಕ್ಷಕಿಯ ಕೋರಿಕೆ. ನೋಡಿದೆ. ಕಂಪ್ಯೂಟರಿನದು ಏನೂ ತಪ್ಪಿರಲಿಲ್ಲ. ದೋಷಗಳೆಲ್ಲ ಬೆಳಕಿನ ಲೆಕ್ಕದಲ್ಲಿದ್ದವು.

ಬೇರೆಬೇರೆಯಾಗಿ ತೆಗೆದ ಚಿತ್ರಗಳನ್ನು ಒಂದೇ ದೃಶ್ಯವಾಗಿ ಕೂಡಿಸುವುದಕ್ಕೆ ಕಾಂಪೋಸಿಟಿಂಗ್ ಎನ್ನುತ್ತಾರೆ. ನಾವು ಸಂಯೋಜನೆ ಎನ್ನೋಣ. ಇದು ಕಂಪ್ಯೂಟರಿಗಿಂತ ಹಳೆಯ ವಿದ್ಯೆ. 1977ರ 'ಬಭ್ರುವಾಹನ' ಚಿತ್ರದಲ್ಲಿ ರಾಜ್‌ಕುಮಾರ್ ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಫಿಲ್ಮಿನ ಕಾಲದಲ್ಲಿ ಇಂಥ ದ್ವಿಪಾತ್ರಕ್ಕೆ ಇದ್ದ ಸಾಮಾನ್ಯ ಉಪಾಯವೆಂದರೆ, ಮಸೂರದ ಅರ್ಧ ಭಾಗ ಮುಚ್ಚಿ ಒಮ್ಮೆ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ಚಿತ್ರೀಕರಿಸುವುದು. ಎರಡು ಸಲದ ನಡುವೆ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ, ಬೆಳಕು ತುಸು ಬದಲಾದರೂ ನಡುವಿನ ಗೆರೆ ಬಯಲಾಗುತ್ತಿತ್ತು.

ಕಪ್ಪು ಗೆರೆಯ ಗುಟ್ಟು

ಚಿತ್ರದ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿರುವುದು ನಿಮಗೆ ಗೊತ್ತು. ಸಂಯೋಜನೆಗೆ ನಾಲ್ಕನೆಯದೊಂದು ಬೇಕು. ಆ ಪಿಕ್ಸೆಲ್‌ನ ಎಷ್ಟು ಭಾಗವನ್ನು ಮುನ್ನೆಲೆಯ ವಸ್ತು ಆವರಿಸಿದೆ ಎಂದು ಅದು ಹೇಳುತ್ತದೆ. ತಂತ್ರಜ್ಞರು ಅದನ್ನು ಆಲ್ಫಾ ಎನ್ನುತ್ತಾರೆ. ಇಲ್ಲಿ 'ವ್ಯಾಪ್ತಿ' ಎಂದಿಟ್ಟುಕೊಳ್ಳೋಣ. ಪೂರ್ತಿ ಆವರಿಸಿದ್ದರೆ 1, ಏನೂ ಇಲ್ಲದಿದ್ದರೆ 0. ಕೂದಲು, ಬಟ್ಟೆಯ ಅಂಚುಗಳಲ್ಲಿ ಇವೆರಡರ ನಡುವಿನ ಬೆಲೆ. ಸೂತ್ರ ಸರಳ:

ಫಲಿತ = ವ್ಯಾಪ್ತಿ × ಮುನ್ನೆಲೆ + (1 − ವ್ಯಾಪ್ತಿ) × ಹಿನ್ನೆಲೆ

1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬಿಬ್ಬರು ಈ ಲೆಕ್ಕವನ್ನು ಒಂದು ಪೂರ್ಣ ಬೀಜಗಣಿತವಾಗಿ ಬೆಳೆಸಿದರು. ಮುನ್ನೆಲೆಯನ್ನು ವ್ಯಾಪ್ತಿಯಿಂದ ಮೊದಲೇ ಗುಣಿಸಿ ಇಟ್ಟುಕೊಂಡರೆ ಕೆಲಸ ಸುಲಭವೆಂದು ಅವರು ತೋರಿಸಿದರು. ಹೀಗಾಗಿ ಇಂದು ಎರಡು ಬಗೆಯ ಚಿತ್ರಕಡತಗಳಿವೆ: ಮೊದಲೇ ಗುಣಿಸಿದವು, ಗುಣಿಸದವು. ತಂತ್ರಾಂಶ ಒಂದನ್ನು ಇನ್ನೊಂದೆಂದು ತಿಳಿದುಕೊಂಡಾಗ ತೊಂದರೆ ಶುರು.

ದುಪಟ್ಟಾದ ಹೊಳಪು 0.8, ಅದರ ಹಿಂದಿನ ಆಕಾಶದ ಹೊಳಪೂ 0.8, ಅಂಚಿನ ಪಿಕ್ಸೆಲ್‌ನಲ್ಲಿ ವ್ಯಾಪ್ತಿ 0.5 ಎನ್ನಿ. ಫಲಿತ 0.4 + 0.4 = 0.8, ಅಂಚು ಕಾಣುವುದೇ ಇಲ್ಲ, ಕಾಣಲೂಬಾರದು. ಈಗ ಕಡತದಲ್ಲಿ ಮೊದಲೇ ಗುಣಿಸಿದ 0.4 ಇದ್ದು, ತಂತ್ರಾಂಶ ಅದನ್ನು ಮತ್ತೊಮ್ಮೆ 0.5ರಿಂದ ಗುಣಿಸಿತು ಎಂದಿಟ್ಟುಕೊಳ್ಳಿ. 0.2 + 0.4 = 0.6. ಇದೇ ಆ ಕಪ್ಪು ಗೆರೆ. ತಪ್ಪು ತಿರುವುಮುರುವಾದರೆ, ಅಂದರೆ ಗುಣಿಸಬೇಕಾದ್ದನ್ನು ಗುಣಿಸದೆ ಬಿಟ್ಟರೆ, 0.8 + 0.4 = 1.2 ಆಗಿ ಅಂಚಿಗೆ ಬೆಳ್ಳನೆಯ ಪ್ರಭೆ ಬರುತ್ತದೆ. ಎರಡಕ್ಕೂ ಪರಿಹಾರ ಒಂದೇ. ಕಡತವನ್ನು ತೆರೆಯುವಾಗ ಅದು ಯಾವ ಬಗೆಯದೆಂದು ತಂತ್ರಾಂಶಕ್ಕೆ ಸರಿಯಾಗಿ ಹೇಳಬೇಕು, ಅಷ್ಟೆ. ಅಂಚನ್ನು ಕತ್ತರಿಸಿ ಗೆರೆ ಮರೆಸುವವರೇ ಹೆಚ್ಚು. ಅದರಿಂದ ಗೆರೆಯ ಜೊತೆಗೆ ಕೂದಲೂ ಹೋಗುತ್ತದೆ.

ಆದರೆ ಕಪ್ಪು ಗೆರೆಗೆ ಇನ್ನೊಂದು ಕಾರಣವೂ ಇದೆ, ಅದು ಹೆಚ್ಚು ಸ್ವಾರಸ್ಯಕರ.

128 ಎಂದರೆ ಅರ್ಧವಲ್ಲ

ಚಿತ್ರಕಡತದಲ್ಲಿ ಹೊಳಪನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಬರೆಯುತ್ತಾರೆ. ಹಾಗಾದರೆ 128 ಎಂದರೆ ಬಿಳಿಯ ಅರ್ಧದಷ್ಟು ಬೆಳಕಲ್ಲವೇ? ಅಲ್ಲ. ಸುಮಾರು ನೂರಕ್ಕೆ 22 ಭಾಗ ಮಾತ್ರ. ಅರ್ಧ ಬೆಳಕನ್ನು ಸೂಚಿಸುವ ಸಂಖ್ಯೆ 188. ನಮ್ಮ ಕಣ್ಣು ಮಬ್ಬು ಛಾಯೆಗಳ ನಡುವಿನ ವ್ಯತ್ಯಾಸವನ್ನು ಹೆಚ್ಚು ಸೂಕ್ಷ್ಮವಾಗಿ ಗುರುತಿಸುವುದರಿಂದ, ಇರುವ 256 ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಕತ್ತಲ ಕಡೆಗೆ ಮೀಸಲಿಟ್ಟಿದ್ದಾರೆ. ಸಂಖ್ಯೆಗೂ ಬೆಳಕಿಗೂ ಇರುವ ಈ ವಕ್ರ ಸಂಬಂಧಕ್ಕೆ ಗ್ಯಾಮ ಎಂದು ಹೆಸರು.

ತರಗತಿಯಲ್ಲಿ ಇದನ್ನು ಐದು ನಿಮಿಷದಲ್ಲಿ ತೋರಿಸಬಹುದು. ಚಿತ್ರ ಬಿಡಿಸುವ ಯಾವುದೇ ತಂತ್ರಾಂಶದಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಅಡ್ಡಗೆರೆಗಳ ಚೌಕವೊಂದನ್ನು ರಚಿಸಿ. ಅದರ ಒಂದು ಬದಿಗೆ 128ರ ಬೂದು ಚೌಕ, ಇನ್ನೊಂದು ಬದಿಗೆ 188ರದ್ದು. ಚಿತ್ರವನ್ನು ಹಿಗ್ಗಿಸದೆ, ಕುಗ್ಗಿಸದೆ ಪರದೆಯ ಮೇಲಿಟ್ಟು ಮಕ್ಕಳನ್ನು ಮೂರು ನಾಲ್ಕು ಮೀಟರ್ ಹಿಂದೆ ನಿಲ್ಲಿಸಿ. ಗೆರೆಗಳು ಬೆರೆತು ಒಂದೇ ಬೂದು ಬಣ್ಣ ಕಾಣುತ್ತದೆ; ಪರದೆ ಸರಿಯಾಗಿ ಹೊಂದಿಸಿದ್ದರೆ ಅದು 188ಕ್ಕೆ ಹೊಂದುತ್ತದೆ. 128 ಅದರ ಮುಂದೆ ಕಪ್ಪಾಗಿ ನಿಲ್ಲುತ್ತದೆ.

ಬಿಳಿ ಆಕಾಶದೆದುರು ಕಪ್ಪು ಕೂದಲೆಳೆ ಅರ್ಧ ಪಿಕ್ಸೆಲನ್ನು ಮುಚ್ಚಿದೆ ಎನ್ನಿ. ಕ್ಯಾಮೆರಾ ಅದನ್ನೇ ನೇರವಾಗಿ ಕಂಡಿದ್ದರೆ 188 ಎಂದು ದಾಖಲಿಸುತ್ತಿತ್ತು. ತಂತ್ರಾಂಶ 0 ಮತ್ತು 255ರ ಸರಾಸರಿ ತೆಗೆದು 128 ಎನ್ನುತ್ತದೆ. ಕೂದಲು ದಪ್ಪವಾಗಿ, ಮಸಿ ಬಳಿದಂತೆ ಕಾಣುತ್ತದೆ. ಪ್ರಕೃತಿ ಕೂಡಿಸುವುದು ಬೆಳಕನ್ನು, ಕಡತದ ಸಂಖ್ಯೆಗಳನ್ನಲ್ಲ. ಆದ್ದರಿಂದ ಮೊದಲು ಸಂಖ್ಯೆಗಳನ್ನು ಬೆಳಕಿಗೆ ಪರಿವರ್ತಿಸಿ, ಕೂಡಿಸಿ, ಕೊನೆಗೆ ಮತ್ತೆ ಸಂಖ್ಯೆಗೆ ತರಬೇಕು. ಬಹುತೇಕ ತಂತ್ರಾಂಶಗಳಲ್ಲಿ ಇದಕ್ಕೊಂದು ಆಯ್ಕೆಯಿದೆ, 'ಲೀನಿಯರ್' ಎಂಬ ಹೆಸರಿನಲ್ಲಿ.

ಗೆರೆಗೆ ಇವೆರಡರಲ್ಲಿ ಯಾವುದು ಕಾರಣವೆಂದು ತಿಳಿಯುವುದು ಹೇಗೆ? ಹಿನ್ನೆಲೆಯನ್ನು ತೆಗೆದು ದುಪಟ್ಟಾದ ಬಣ್ಣವನ್ನೇ ಹಿಂದೆ ತುಂಬಿ ನೋಡಿ. ಗೆರೆ ಉಳಿದರೆ ಎರಡು ಸಲ ಗುಣಿಸಿದ ತಪ್ಪು. ಮಾಯವಾದರೆ ಗ್ಯಾಮದ ತಪ್ಪು, ಏಕೆಂದರೆ ಒಂದೇ ಬೆಲೆಯ ಎರಡು ಸಂಖ್ಯೆಗಳ ಸರಾಸರಿ ಯಾವ ವಿಧಾನದಲ್ಲೂ ಅದೇ ಬೆಲೆ. ನಮ್ಮ ವಿಡಿಯೊದಲ್ಲಿ ಗೆರೆ ತೆಳುವಾಯಿತು, ಆದರೆ ಹೋಗಲಿಲ್ಲ. ಎರಡೂ ತಪ್ಪುಗಳಿದ್ದವು!

ಕೈಯೊಳಗಿನ ಕೆರೆ

ಹುಡುಗಿ ಹಸಿರು ಗಾಜಿನ ಬಳೆ ತೊಟ್ಟಿದ್ದಳು. ಹಸಿರೆಲ್ಲವನ್ನೂ ಅಳಿಸು ಎಂದು ಆಜ್ಞೆ ಕೊಟ್ಟ ಮೇಲೆ ಬಟ್ಟೆಯ ಹಸಿರು, ಬಳೆಯ ಹಸಿರು ಎಂಬ ಭೇದ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇದಕ್ಕೆ ಹಿಂದೊಮ್ಮೆ ಅಚ್ಚುಕಟ್ಟಾದ ಪರಿಹಾರವೊಂದಿತ್ತು. 1964ರ 'ಮೇರಿ ಪಾಪಿನ್ಸ್' ಚಿತ್ರದಲ್ಲಿ ಹಿಂದಿನ ಪರದೆಯನ್ನು ಸೋಡಿಯಂ ದೀಪದಿಂದ ಬೆಳಗಿದರು. ನ್ಯೂಟನ್ ಉಂಗುರಗಳ ಪ್ರಯೋಗಕ್ಕೆ ನೀವು ಬಳಸುವ ಅದೇ ದೀಪ, 589 ನ್ಯಾನೊಮೀಟರ್ ತರಂಗದೂರದ ಹಳದಿ. ಕ್ಯಾಮೆರಾದೊಳಗಿನ ಅಶ್ರಗವೊಂದು ಆ ಕಿರಿದಾದ ಪಟ್ಟಿಯನ್ನಷ್ಟೇ ಬೇರ್ಪಡಿಸಿ ಇನ್ನೊಂದು ಫಿಲ್ಮಿಗೆ ಕಳಿಸುತ್ತಿತ್ತು. ನಟರು ಹಳದಿ ಬಟ್ಟೆ ತೊಟ್ಟರೂ ಬಾಧಕವಿರಲಿಲ್ಲ. ಆದರೆ ಇಂದಿನ ಮೊಬೈಲಿನಲ್ಲಿ ಅಂಥ ಅಶ್ರಗವಿಲ್ಲ. ಬಳೆ ಬದಲಿಸುವುದೇ ದಾರಿ.

ಕೆನ್ನೆಯ ಹಸಿರು ಬಟ್ಟೆಯಿಂದ ಪ್ರತಿಫಲಿಸಿದ ಬೆಳಕು. ದೂರ ಇಮ್ಮಡಿಯಾದರೆ ಅದು ನಾಲ್ಕನೇ ಒಂದಾಗುತ್ತದೆ ಎಂದು ಕೆಲವರು ವಿಲೋಮ ವರ್ಗ ನಿಯಮವನ್ನು ಹೇಳಿಬಿಡುತ್ತಾರೆ. ಆ ನಿಯಮ ಬಿಂದು ಆಕರಕ್ಕೆ, ಬಟ್ಟೆ ಬಿಂದುವಲ್ಲ. 1.5 ಮೀಟರ್ ತ್ರಿಜ್ಯದ ವೃತ್ತಾಕಾರದ ಬಟ್ಟೆ ಎಂದು ಲೆಕ್ಕ ಹಾಕಿದರೆ, ಅರ್ಧ ಮೀಟರ್ ದೂರದಲ್ಲಿ ಗರಿಷ್ಠ ಬೆಳಕಿನ ನೂರಕ್ಕೆ 90 ಭಾಗ ಬೀಳುತ್ತದೆ, ಒಂದು ಮೀಟರಿನಲ್ಲಿ ಇನ್ನೂ 69. ಎರಡೂವರೆ ಮೀಟರಿಗೆ ಹೋದಾಗ 26ಕ್ಕೆ ಇಳಿಯುತ್ತದೆ. ಒಂದು ಹೆಜ್ಜೆ ಮುಂದೆ ಬಂದರೆ ಸಾಲದು ಎಂಬುದು ಇದರಿಂದ ಸ್ಪಷ್ಟ. ಉಳಿದ ಛಾಯೆಯನ್ನು ತಂತ್ರಾಂಶದಲ್ಲಿ ಕಳೆಯಬಹುದು: ಚರ್ಮದ ಮೇಲೆ ಹಸಿರಿನ ಬೆಲೆ ಕೆಂಪು-ನೀಲಿಗಳ ಸರಾಸರಿಯನ್ನು ಮೀರಿದಲ್ಲೆಲ್ಲ ಅದನ್ನು ಸರಾಸರಿಗೆ ಇಳಿಸುವುದು.

ಮೆಟ್ಟಿಲು ಮೆಟ್ಟಿಲಾದ ಅಂಚು ಮಾತ್ರ ಸಂಯೋಜನೆಯ ಹಂತದಲ್ಲಿ ಸರಿಹೋಗುವಂಥದ್ದಲ್ಲ. ಮೊಬೈಲ್ ವಿಡಿಯೊ 1920 × 1080 ಪಿಕ್ಸೆಲ್‌ಗಳದಾದರೂ ಸಾಮಾನ್ಯವಾಗಿ ಬಣ್ಣದ ಮಾಹಿತಿ ಮಾತ್ರ 960 × 540ರಷ್ಟೇ ಇರುತ್ತದೆ. ನಾವು ಕತ್ತರಿಸುತ್ತಿರುವುದು ಬಣ್ಣದ ಆಧಾರದ ಮೇಲೆ, ಎಂದರೆ ಮೊಂಡು ಕತ್ತರಿಯಿಂದ. 3840 × 2160ರಲ್ಲಿ ಚಿತ್ರೀಕರಿಸಿ ಅರ್ಧಕ್ಕೆ ಇಳಿಸಿದರೆ ಪ್ರತಿ ಪಿಕ್ಸೆಲ್‌ಗೂ ಬಣ್ಣ ದೊರೆಯುತ್ತದೆ.

ಇನ್ನು ಮಿಣುಕು. ತರಗತಿಯಲ್ಲಿದ್ದುದು ಹಳೆಯ ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್ ಆದ್ದರಿಂದ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೊಬೈಲ್ ತೆಗೆಯುವುದು ಸೆಕೆಂಡಿಗೆ 30 ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಮೂರೂ ಒಂದು ಮೂರಾಂಶ ಮಿನುಗು ಕಳೆಯುತ್ತದೆ. ಮೂರು ಚಿತ್ರಗಳಿಗೊಮ್ಮೆ ಅದೇ ಸ್ಥಿತಿ ಮರಳುತ್ತದೆ. ಫಲವಾಗಿ ಬಟ್ಟೆಯ ಹೊಳಪು ಸೆಕೆಂಡಿಗೆ ಹತ್ತು ಸಲ ಏರಿಳಿದು, ಕೆಲವೊಂದು ಚಿತ್ರದಲ್ಲಿ ಹಸಿರು ಪೂರ್ತಿ ಅಳಿಯದೆ ಉಳಿಯುತ್ತದೆ. ಪ್ರತಿ ಚಿತ್ರದ ಒಡ್ಡಿಕೆಯ ಕಾಲವನ್ನು 1/60 ಸೆಕೆಂಡಿನ ಬದಲು 1/50ಕ್ಕೆ ಇಟ್ಟುಬಿಡಿ. ಆಗ ಪ್ರತಿಯೊಂದರಲ್ಲೂ ಸರಿಯಾಗಿ ಎರಡು ಮಿನುಗು ಸೇರುತ್ತವೆ, ಎಲ್ಲಿಂದ ಆರಂಭಿಸಿದರೂ ಸರಿಯೆ.

ನೆರಳು ಮತ್ತು ಕ್ಷಿತಿಜ

ಇವೆಲ್ಲ ಸರಿಹೋದ ಮೇಲೂ ಚಿತ್ರ ಸುಳ್ಳೆಂದು ಕಣ್ಣು ಹೇಳುತ್ತಿತ್ತು. ಕೆರೆಯನ್ನು ಏಪ್ರಿಲ್ ಕೊನೆಯ ವಾರದ ಮಧ್ಯಾಹ್ನ ಚಿತ್ರೀಕರಿಸಿದ್ದರು. ಏಪ್ರಿಲ್ 24-25ರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ, ಕಂಬಕ್ಕೆ ನೆರಳಿಲ್ಲ. ಹುಡುಗಿಯ ಮುಖಕ್ಕೋ ಎಡಗಡೆಯ ಕಿಟಕಿಯಿಂದ ಅಡ್ಡ ಬೆಳಕು! ತಂತ್ರಾಂಶದಲ್ಲಿ ಇದಕ್ಕೆ ಗುಂಡಿಯಿಲ್ಲ. 'ದಿ ಜಂಗಲ್ ಬುಕ್' (2016) ಚಿತ್ರದಲ್ಲಿ ಕಾಡು, ಪ್ರಾಣಿಗಳೆಲ್ಲ ಕಂಪ್ಯೂಟರಿನವು, ನಿಜವಾದವನು ಬಹುಮಟ್ಟಿಗೆ ಹುಡುಗನೊಬ್ಬನೇ. ಇನ್ನೂ ಇಲ್ಲದ ಕಾಡಿನ ಬೆಳಕನ್ನು ಮೊದಲೇ ನಿರ್ಧರಿಸಿಕೊಂಡು ಆ ಹುಡುಗನ ಮೇಲೆ ಬೆಳಕು ಬಿಡಬೇಕಾಯಿತು. 2017ರಲ್ಲಿ ಆಸ್ಕರ್ ಪಡೆದ ಆ ಕೆಲಸದಲ್ಲಿ ಎಂಪಿಸಿ ಸಂಸ್ಥೆಯ ಬೆಂಗಳೂರು ಶಾಖೆಯ ಕಲಾವಿದರ ಪಾಲೂ ಇತ್ತು. ಅದರ ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಈ ನುರಿತ ಕೈಗಳು ಒಮ್ಮೆಲೇ ಕೆಲಸ ಕಳೆದುಕೊಂಡದ್ದು ಬೇಸರದ ಸಂಗತಿ.

ಇನ್ನೊಂದು ಅಂಶವನ್ನು ಯಾರೂ ಗಮನಿಸಿರಲಿಲ್ಲ. ಸಮತಟ್ಟಾದ ನೆಲದಲ್ಲಿ ಕ್ಷಿತಿಜವು ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ವಸ್ತುಗಳನ್ನು ಹಾದುಹೋಗುತ್ತದೆ. ಕ್ಯಾಮೆರಾ 1.2 ಮೀಟರ್ ಎತ್ತರದಲ್ಲಿದ್ದು, ಹುಡುಗಿ 1.4 ಮೀಟರ್ ಇದ್ದರೆ, ಕ್ಷಿತಿಜ ಅವಳ ಕೊರಳ ಬಳಿ ಹಾದುಹೋಗಬೇಕು. ಕೆರೆಯ ಆಚೆ ದಡ ಸ್ಥೂಲವಾಗಿ ಕ್ಷಿತಿಜವೇ. ನಮ್ಮ ಚಿತ್ರದಲ್ಲಿ ಅದು ಮೊಣಕಾಲ ಬಳಿ ಇತ್ತು. ಹುಡುಗಿ ಮೂರಾಳೆತ್ತರದ ರಾಕ್ಷಸಿಯಂತೆ ಕಂಡದ್ದು ಇದರಿಂದ. ಈ ಎರಡು ಪರೀಕ್ಷೆಗಳನ್ನು, ನೆರಳಿನ ದಿಕ್ಕು ಮತ್ತು ಕ್ಷಿತಿಜದ ಎತ್ತರ, ಪತ್ರಿಕೆಗಳಲ್ಲಿ ಬರುವ ಅನುಮಾನಾಸ್ಪದ ಚಿತ್ರಗಳಿಗೂ ನಿಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ ನೋಡಿ.

ಜಾರುವ ಬಾಣಗಳು

ಸೇತುವೆಯ ವಿಡಿಯೊದಲ್ಲಿ ಕಷ್ಟ ಬೇರೆ. ದಂಡು ನಿಲ್ದಾಣದಿಂದ ಕೆ.ಆರ್. ಪುರದ ಕಡೆಗೆ ರೈಲಿನಲ್ಲಿ ಹೋಗುತ್ತ ಕಿಟಕಿಯಿಂದ ಸೇತುವೆಯನ್ನು ಚಿತ್ರೀಕರಿಸಿ, ಎಳೆತವನ್ನು ತೋರಿಸುವ ಬಾಣಗಳನ್ನು ಕೇಬಲ್‌ಗಳ ಮೇಲೆ ಕೂರಿಸಿದ್ದರು. ಬಾಣಗಳು ಕೇಬಲ್ ಬಿಟ್ಟು ಜಾರುತ್ತಿದ್ದವು. ಚಲನೆಯನ್ನು ಹಿಂಬಾಲಿಸಲು ತಂತ್ರಾಂಶಕ್ಕೆ ಅವರು ತೋರಿಸಿಕೊಟ್ಟ ಗುರುತು ಹಳಿಯ ಪಕ್ಕದ ವಿದ್ಯುತ್ ಕಂಬದ ಮೇಲಿತ್ತು. ನಾಲ್ಕು ಮೀಟರ್ ದೂರದ ಕಂಬ, 200 ಮೀಟರ್ ದೂರದ ಸೇತುವೆಯ ಗೋಪುರಕ್ಕಿಂತ 50 ಪಟ್ಟು ಬೇಗ ಹಿಂದೆ ಸರಿಯುತ್ತದೆ. ಗುರುತನ್ನು ಗೋಪುರಕ್ಕೆ ಬದಲಿಸಿದೊಡನೆ ಬಾಣಗಳು ಬಹುಪಾಲು ನಿಂತವು. ಕಂಬಗಳು ರೈಲು ಸಾಗುವ ದಿಕ್ಕಿಗೆ ತಲೆಬಾಗಿದ್ದವು, ಅದಕ್ಕೆ ಕಾರಣ ಮೊಬೈಲಿನ ಸಂವೇದಕ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದು. ಒಂದು ಓದಿಗೆ 1/50 ಸೆಕೆಂಡ್ ಹಿಡಿದರೆ, ಗಂಟೆಗೆ 60 ಕಿಲೋಮೀಟರ್ ವೇಗದ ರೈಲು ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಗೋಪುರ ದೂರದಲ್ಲಿರುವುದರಿಂದ ಅದರ ಓರೆ ಕಣ್ಣಿಗೆ ಕಾಣದಷ್ಟು ಕಡಿಮೆ.

ಕೆರೆಯ ವಿಡಿಯೊವನ್ನು ಮುಂದಿನ ಶನಿವಾರ ಮತ್ತೆ ಚಿತ್ರೀಕರಿಸಿದರು, ಈ ಸಲ ಕೆಂಪು ಬಳೆ ತೊಟ್ಟು, ಬಟ್ಟೆಯಿಂದ ಎರಡೂವರೆ ಮೀಟರ್ ಮುಂದೆ ನಿಂತು. ಕೆರೆಯನ್ನೂ ಬೆಳಗಿನ ಹೊತ್ತಿನಲ್ಲಿ, ಅದೇ 1.2 ಮೀಟರ್ ಎತ್ತರದಿಂದ ತೆಗೆದರು. ದುಪಟ್ಟಾದ ತುದಿಯಲ್ಲಿ ಒಂದೆರಡು ಕಡೆ ಹಸಿರು ಇನ್ನೂ ಉಳಿದಿದೆ. ನೋಡಿದವರು ಯಾರೂ ಅದನ್ನು ಗುರುತಿಸಲಿಲ್ಲ. ಪ್ರಯೋಗಾಲಯದ ಹಣದಿಂದ ಶಿಕ್ಷಕಿ ಕರಗಿದ ಆಮ್ಲಜನಕವನ್ನು ಅಳೆಯುವ ಒಂದು ಮೀಟರ್ ತರಿಸಿದ್ದಾರೆ.