ಬೆದರಿಕೆಯೂ ಒಡಂಬಡಿಕೆಯೂ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟು, ಯಲಹಂಕ ಹುಣಸಮಾರನಹಳ್ಳಿಗಳನ್ನು ದಾಟಿ ದೇವನಹಳ್ಳಿಯನ್ನು ಸೇರುವ ಹೆದ್ದಾರಿಯಲ್ಲಿ ಈಗ ವಿಮಾನ ನಿಲ್ದಾಣಕ್ಕೆ ಧಾವಿಸುವವರದೇ ಸಂದಣಿ. ಯಲಹಂಕದ ವಾಯುನೆಲೆಯಲ್ಲಿ ಪ್ರದರ್ಶನ ನಡೆಯುವಾಗ ಯುದ್ಧವಿಮಾನಗಳ ಆರ್ಭಟವೂ ಇಲ್ಲಿಯವರಿಗೆ ಪರಿಚಿತವೇ. ಒಂದು ರಾಜ್ಯವು ಮತ್ತೊಂದನ್ನು ಬೆದರಿಸುವುದೆಂದರೆ ಇಂತಹ ಗರ್ಜನೆಯೇ ಎಂದು ನಮ್ಮಲ್ಲನೇಕರು ಭಾವಿಸಿರುವರು. ಈ ಸೀಮೆಯ ಚರಿತ್ರೆಯಾದರೋ ಬೇರೆ ಮಾತನ್ನು ಹೇಳುತ್ತದೆ. ತೋಪಿನ ಸದ್ದು ಅಡಗಿದ ಮೇಲೂ ಕಾಗದದ ಮೇಲಣ ಮಸಿಯು ಮೈಸೂರನ್ನು ಬಹುಕಾಲ ಹೆದರಿಸಿತು.

1791ನೆಯ ಮಾರ್ಚಿ ತಿಂಗಳಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ನಿಜಾಮನ ಕುದುರೆ ದಂಡನ್ನು ಕೂಡಿಕೊಳ್ಳಲು ದೇವನಹಳ್ಳಿಯ ದಿಕ್ಕಿಗೇ ನಡೆದನು. ಮರುವರ್ಷ ಶ್ರೀರಂಗಪಟ್ಟಣದ ಒಡಂಬಡಿಕೆಯಾಯಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇವು ಸಾಲದೆಂಬಂತೆ ಟೀಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆ! ಟೀಪುವೂ 1789ರಲ್ಲಿ ತಿರುವಾಂಕೂರಿನ ಮೇಲೆ ಏರಿಹೋದವನೇ ಎಂಬುದನ್ನು ನಾವು ಮರೆಯತಕ್ಕದ್ದಲ್ಲ. ಆದರೂ ಅವನು ಹಣವನ್ನು ತೀರಿಸಿದನು. 1794ರಲ್ಲಿ ದೇವನಹಳ್ಳಿಯಲ್ಲಿ ಮಕ್ಕಳನ್ನು ತಂದೆಗೆ ಒಪ್ಪಿಸಲಾಯಿತು. ಅಲ್ಲಿಗೆ ಲೆಕ್ಕವು ಚುಕ್ತವಾಗಬೇಕಷ್ಟೆ? ಐದು ವರ್ಷಗಳು ಕಳೆಯುವ ಮೊದಲೇ, ಫ್ರೆಂಚರೊಡನೆ ನಡೆಸಿದ ಸಂಧಾನವನ್ನು ಮುಂದಿಟ್ಟುಕೊಂಡು, ಒಂದೇ ದಿನದೊಳಗಾಗಿ ಉತ್ತರ ಕೊಡತಕ್ಕದ್ದೆಂದು ಮಾರ್ನಿಂಗ್ಟನ್ ಪ್ರಭುವಿನ ಪತ್ರವು ಹೊರಟಿತು. ಅದು 1799ನೆಯ ಜನವರಿ 9ರ ಮಾತು. ಮೇ 4ರಂದು ಪಟ್ಟಣವು ಬಿದ್ದಿತು.

ನಮ್ಮ ಗಮನವು ನಿಲ್ಲಬೇಕಾದುದು ಅದರ ಮುಂದಿನ ಸಂಗತಿಯಲ್ಲಿ. ಅದೇ ಜುಲೈ ತಿಂಗಳ ಒಡಂಬಡಿಕೆಯು ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಾಯಿತು. ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಕಟ್ಟಬೇಕು. ಅದಕ್ಕೆ ಕುಂದು ಬರುವುದೆಂದು ಗವರ್ನರ್ ಜನರಲ್ಲರಿಗೆ ತೋರಿದರೆ ಅವಶ್ಯವಾದಷ್ಟು ಸೀಮೆಯನ್ನು ಕಂಪೆನಿಯು ವಶಪಡಿಸಿಕೊಳ್ಳಬಹುದು. ಕುಂದು ಬಂದರೆ ಎಂದಲ್ಲ, ಬರುವುದೆಂದು ತೋರಿದರೆ! ಈ ಕಲಮು ಮೂವತ್ತೆರಡು ವರ್ಷ ಮಲಗಿದ್ದಿತು. ನಗರದ ರೈತರ ದಂಗೆಯಾದ ಮೇಲೆ 1831ರಲ್ಲಿ ಬೆಂಟಿಂಕನು ಅದನ್ನೆಬ್ಬಿಸಿ, ಅವಶ್ಯವಾದಷ್ಟನ್ನಲ್ಲ, ಸಮಸ್ತ ಸಂಸ್ಥಾನವನ್ನೇ ತೆಗೆದುಕೊಂಡನು. ಅದು ಮರಳಿದ್ದು ಐವತ್ತು ವರ್ಷಗಳಾದ ಮೇಲೆ, 1881ರಲ್ಲಿ. ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳಿಂದ 35 ಲಕ್ಷಕ್ಕೇರಿಸಿದ ಕರಾರಿನೊಡನೆ.

ಯೂರೋಪಿನಲ್ಲಿಯೂ ಈ ವಿದ್ಯೆಯು ಅಪರಿಚಿತವಲ್ಲ. 1939ನೆಯ ಮಾರ್ಚಿಯಲ್ಲಿ ಚೆಕೋಸ್ಲೊವಾಕಿಯದ ವೃದ್ಧ ಅಧ್ಯಕ್ಷ ಹಾಖಾನನ್ನು ಬರ್ಲಿನ್ನಿಗೆ ಕರೆಯಿಸಿ, ಪ್ರಾಗ್ ನಗರದ ಮೇಲೆ ಬಾಂಬು ಸುರಿಸುವೆವೆಂದು ಹೆದರಿಸಿ, ನಡುರಾತ್ರಿ ಕಳೆದ ಹೊತ್ತಿನಲ್ಲಿ ರುಜು ಹಾಕಿಸಿದರು. ಅಂತಹ ಅನುಭವಗಳಾದ ಬಳಿಕ 1945ರ ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗವನ್ನು ಮಾತ್ರವಲ್ಲದೆ ಅದರ ಬೆದರಿಕೆಯನ್ನೂ ನಿಷೇಧಿಸಿತು. ಅಂತಹ ಬೆದರಿಕೆಯಿಂದ ಪಡೆದ ಒಪ್ಪಂದವು ಅಸಿಂಧುವೆಂದು 1969ರ ವಿಯೆನ್ನಾ ಒಡಂಬಡಿಕೆಯು ಸಾರಿತು.

ಆ ವಿಯೆನ್ನಾ ಸಭೆಯಲ್ಲಿಯೇ ಏಷ್ಯಾ ಆಫ್ರಿಕಾ ಖಂಡಗಳ ಅನೇಕ ರಾಷ್ಟ್ರಗಳು, ಹಣಕಾಸಿನ ಒತ್ತಡವನ್ನೂ ಈ ನಿಯಮದೊಳಗೆ ಸೇರಿಸಬೇಕೆಂದು ಪಟ್ಟು ಹಿಡಿದವು. ಬಲಿಷ್ಠ ರಾಷ್ಟ್ರಗಳು ಒಪ್ಪಲಿಲ್ಲ. ಕಡೆಗೆ ಅದನ್ನು ಖಂಡಿಸುವ ಒಂದು ಘೋಷಣೆಯನ್ನು ಮಾತ್ರ ಬೇರೆಯಾಗಿ ಲಗತ್ತಿಸಿ, ಒಡಂಬಡಿಕೆಯ ಕಲಮಿನಿಂದ ಅದನ್ನು ಹೊರಗಿರಿಸಲಾಯಿತು. 1831ರಲ್ಲಿ ಮೈಸೂರಿನ ಮೇಲೆ ಒಂದು ತೋಪೂ ಹಾರಿರಲಿಲ್ಲ. ಕಂಪೆನಿಯು ಮುಂದಿಟ್ಟದ್ದು ಪೊಗದಿಯ ಲೆಕ್ಕವನ್ನೇ.