‘ಮೆಲ್ಲಗೆ ಹಾಡು, ಮೀಟಿಂಗ್ ಇದೆ’

ಕಳೆದ ನವರಾತ್ರಿಯಲ್ಲಿ ನಡೆದದ್ದು. ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಐದು ಮೆಟ್ಟಿಲಿನ ಗೊಂಬೆ ಕೂರಿಸಿದ್ದೆವು. ಮೈಸೂರಿನಿಂದ ಅಮ್ಮ ಪಟ್ಟದ ಗೊಂಬೆ ಹೊತ್ತು ತಂದಿದ್ದರು. ಸಂಜೆ ಅಕ್ಕಪಕ್ಕದ ಮನೆಯವರು ಗೊಂಬೆ ನೋಡೋಕೆ ಬಂದರು. ಉಸಲಿ ಕೊಡುವ ಹೊತ್ತಿಗೆ ಎದುರುಮನೆ ಆಂಟಿ ಕೇಳಿಯೇ ಬಿಟ್ಟರು: “ನಿಮ್ಮ ಮಗಳು ಸಂಗೀತ ಕಲೀತಿದ್ದಾಳಂತಲ್ಲ, ಒಂದು ಹಾಡಿಸಿ ನೋಡೋಣ.”

ನನಗೆ ಒಳಗೊಳಗೇ ಖುಷಿ. ಮಗಳು ಆರನೇ ಕ್ಲಾಸು. ಎಂಟು ತಿಂಗಳಿಂದ ಆನ್‌ಲೈನಿನಲ್ಲಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಳು. ಸರಳೆ ವರಸೆ, ಜಂಟಿ ವರಸೆ ಮುಗಿದಿತ್ತು, ಮಲಹರಿ ರಾಗದ ಗೀತೆ ಶುರುವಾಗಿತ್ತು. ಆ್ಯಪ್ ತೆರೆದರೆ ಸಾಲು ಸಾಲು ಹಸಿರು ಟಿಕ್, ಹಾಜರಾತಿ ನೂರಕ್ಕೆ ನೂರು. ಇನ್ನೇನು ಬೇಕು?

ಅವಳು ಚಾಪೆ ಮೇಲೆ ಕೂತಳು. ತಲೆ ತಗ್ಗಿಸಿದಳು. ತುಟಿ ಅಲ್ಲಾಡುತ್ತಿತ್ತು, ಆದರೆ ನಮಗೆ ಕೇಳಿಸುತ್ತಿದ್ದದ್ದು ಫ್ಯಾನಿನ ಸದ್ದು ಮಾತ್ರ. “ಸ್ವಲ್ಪ ಜೋರಾಗಿ ಹೇಳಮ್ಮ” ಅಂತ ಯಾರೋ ಅಂದರು. ಅರ್ಧಕ್ಕೇ ಎದ್ದು ರೂಮಿಗೆ ಓಡಿದಳು. ಎಲ್ಲರೂ “ಪಾಪ, ನಾಚಿಕೆ” ಅಂತ ನಕ್ಕು ಸುಮ್ಮನಾದರು. ನಾನೂ ನಕ್ಕೆ.

ರಾತ್ರಿ ಮಲಗುವಾಗ ಕೇಳಿದೆ, “ಯಾಕೆ ಪುಟ್ಟಿ, ಜೋರಾಗಿ ಹಾಡಬಹುದಿತ್ತಲ್ಲ?”

“ಜೋರಾಗಿ ಹಾಡಿದ್ರೆ ನನ್ನ ಧ್ವನಿ ಹೇಗೆ ಬರತ್ತೆ ಅಂತ ನಂಗೇ ಗೊತ್ತಿಲ್ಲಮ್ಮ.”

“ಕ್ಲಾಸಲ್ಲಿ ಹಾಡ್ತೀಯಲ್ಲ?”

“ನೀನೇ ಹೇಳಿದ್ಯಲ್ಲ, ಮೆಲ್ಲಗೆ ಹಾಡು, ಮೀಟಿಂಗ್ ಇದೆ ಅಂತ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಗೋಡೆಯ ಆಚೆ ಈಚೆ

ಅವಳ ಕ್ಲಾಸು ಮಂಗಳವಾರ, ಶುಕ್ರವಾರ ಸಂಜೆ ಆರೂವರೆಗೆ. ನನ್ನ ವಿದೇಶದ ತಂಡದ ಕಾಲ್‌ಗಳು ಶುರುವಾಗುವುದೂ ಅದೇ ಹೊತ್ತಿಗೆ. ಅವಳು ರೂಮಿನಲ್ಲಿ, ನಾನು ಡೈನಿಂಗ್ ಟೇಬಲ್ಲಿನಲ್ಲಿ, ನಡುವೆ ಒಂದು ಗೋಡೆ. ನನ್ನ ಸರದಿ ಬಂದಾಗ ಬಾಗಿಲು ಸರಿಸಿ, ತುಟಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ದಿನಾ ಅಲ್ಲ, ಬೇಕೆಂದೂ ಅಲ್ಲ. ಆದರೆ ಎಂಟು ತಿಂಗಳಲ್ಲಿ ಅದೆಷ್ಟು ಸಲ ಬೆರಳಿಟ್ಟಿರಬಹುದು, ನನಗೇ ಲೆಕ್ಕ ಸಿಗಲಿಲ್ಲ.

ಮರುದಿನ ಅವಳ ಟೀಚರ್‌ಗೆ ಫೋನ್ ಮಾಡಿದೆ. ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಮೈಕ್ ಸರಿ ಇಲ್ಲ ಅಂದುಕೊಂಡಿದ್ದೆ” ಅಂದರು. ಗುಂಪಿನಲ್ಲಿ ಒಂಬತ್ತು ಮಕ್ಕಳು. ಎಲ್ಲರೂ ಮ್ಯೂಟ್. ಟೀಚರ್ ಹಾಡುತ್ತಾರೆ, ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಜೊತೆಗೆ ಹಾಡುತ್ತಾರೆ. ಒಬ್ಬೊಬ್ಬರನ್ನೇ ಕೇಳಿಸಿಕೊಳ್ಳಲು ಸಿಗುವುದು ಒಂದೆರಡು ನಿಮಿಷ. ಆ ಒಂದೆರಡು ನಿಮಿಷದಲ್ಲೂ ನನ್ನ ಮಗಳು ಪಿಸುಗುಟ್ಟಿದ್ದಳು. ಅವಳ ಧ್ವನಿ ಟೀಚರ್‌ಗೂ ಕೇಳಿರಲಿಲ್ಲ, ನನಗೂ ಕೇಳಿರಲಿಲ್ಲ, ಅವಳಿಗೂ ಕೇಳಿರಲಿಲ್ಲ.

ಒಟ್ಟಿಗೆ ಯಾಕೆ ಹಾಡೋಕಾಗಲ್ಲ?

ಎಲ್ಲರನ್ನೂ ಯಾಕೆ ಮ್ಯೂಟ್ ಮಾಡಬೇಕು ಅಂತ ಕೇಳಿದೆ. ಉತ್ತರ ಲೆಕ್ಕದಲ್ಲಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಧ್ವನಿ ತಲುಪಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೂ, ಟೀಚರ್ 68 ಮೀಟರ್ ದೂರ, ಅಂದರೆ ನಮ್ಮ ರಸ್ತೆಯ ಆ ತುದಿಯಲ್ಲಿ ಕೂತು ಹಾಡಿದ ಹಾಗೆ. ಮಾತಾಡುವಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಸೆಕೆಂಡಿಗೊಂದು ಸ್ವರದಂತೆ ಮೊದಲ ಕಾಲ ಹಾಡಿದರೆ, ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ಅಷ್ಟೇ ತಡವಾದರೂ ಮಗು ಹೆಚ್ಚುಕಡಿಮೆ ಒಂದು ಸ್ವರ ಹಿಂದೆ ಬಿದ್ದಂತೆ ಟೀಚರ್‌ಗೆ ಕೇಳುತ್ತದೆ. ಒಂಬತ್ತು ಮಕ್ಕಳು ಒಂಬತ್ತು ಬಗೆಯ ತಡದಲ್ಲಿ ಹಾಡಿದರೆ ಸಂತೆಯೇ. ಹಾಗಾಗಿ ಮ್ಯೂಟ್ ಮಾಡುವುದು ಟೀಚರ್ ತಪ್ಪಲ್ಲ. ಆದರೆ ಅದರಿಂದ ಒಂದು ಕೆಲಸ ಮನೆಯವರ ಪಾಲಿಗೆ ಬರುತ್ತದೆ. ಮಗು ಹಾಡುವಾಗ ಪಕ್ಕದಲ್ಲಿ ಕೇಳುವ ಒಂದು ಕಿವಿ ಬೇಕು. ಪಾಠಕ್ಕೆ ಹೋಗಿ ಕಲಿಯುವಾಗ ಆ ಕಿವಿ ಎದುರಿಗೇ ಕೂತಿರುತ್ತಿತ್ತು.

ಇನ್ನೊಂದು ವಿಷಯವೂ ಆಗ ಗೊತ್ತಾಯಿತು. ಕಾಲ್ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಫ್ಯಾನ್, ಮಿಕ್ಸಿ ತರಹದ ಸದ್ದನ್ನು ಅವು ಗದ್ದಲ ಅಂತ ತೆಗೆದು ಹಾಕುತ್ತವೆ. ಒಂದೇ ಸಮನೆ ಮಿಡಿಯುವ ತಂಬೂರಿ ಶ್ರುತಿಯೂ ಅವಕ್ಕೆ ಗದ್ದಲವೇ. ದೀರ್ಘವಾಗಿ ಹಿಡಿದ ಷಡ್ಜವನ್ನೂ ಕೆಲವು ಸಲ ನಡುವೆ ಕತ್ತರಿಸಿಬಿಡುತ್ತವೆ. ಮೊದಲೇ ಪಿಸುಮಾತು, ಅದಕ್ಕೂ ಕತ್ತರಿ.

ಆ ವಾರ ನಾವು ಮಾಡಿಕೊಂಡ ಸಣ್ಣ ಬದಲಾವಣೆಗಳು ಇವು. ನಿಮಗೂ ಉಪಯೋಗಕ್ಕೆ ಬರಬಹುದು:

• ಆ್ಯಪ್‌ನ ಆಡಿಯೊ ಸೆಟ್ಟಿಂಗ್ಸ್ ನೋಡಿ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಅಂತಲೇ ಒಂದು ಆಯ್ಕೆ ಇದೆ. ಬೇರೆ ಆ್ಯಪ್‌ಗಳಲ್ಲಿ ‘ನಾಯ್ಸ್ ಕ್ಯಾನ್ಸಲೇಷನ್’ ಆಫ್ ಮಾಡಿ.

• ಶ್ರುತಿ ಮಗುವಿನ ಪಕ್ಕದಲ್ಲೇ ನುಡಿಯಲಿ. ಟೀಚರ್ ಕಡೆಯಿಂದ ಬರುವ ಶ್ರುತಿಯನ್ನು ನಂಬಿ ಕೂರಬೇಡಿ. ಹಳೇ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಟ್ಟರೆ ಸಾಕು. ಯಾವ ಶ್ರುತಿ ಅಂತ ಟೀಚರ್ ಹತ್ತಿರವೇ ಕೇಳಿ. ನನ್ನ ಮಗಳದು ಐದೂವರೆ, ಆ್ಯಪ್‌ನಲ್ಲಿ ಅದು ಜಿ ಶಾರ್ಪ್.

• ವೈರ್ ಇರುವ ಇಯರ್‌ಫೋನ್ ಒಳ್ಳೆಯದು, ಬ್ಲೂಟೂತ್ ಇನ್ನಷ್ಟು ತಡ ಸೇರಿಸುತ್ತದೆ. ಅದೂ ಒಂದೇ ಕಿವಿಗೆ. ಇನ್ನೊಂದು ಕಿವಿ ಅವಳ ಧ್ವನಿ ಅವಳಿಗೇ ಕೇಳಲಿಕ್ಕೆ.

• ಫೋನ್ ಅಥವಾ ಲ್ಯಾಪ್‌ಟಾಪ್ ಮೂರ್ನಾಲ್ಕು ಅಡಿ ದೂರ, ಕಣ್ಣಿನ ಮಟ್ಟಕ್ಕೆ ಇರಲಿ. ತೊಡೆ ಮೇಲೆ ಇಟ್ಟುಕೊಂಡರೆ ಕುತ್ತಿಗೆ ಬಾಗುತ್ತದೆ, ಧ್ವನಿ ಹೊರಗೆ ಬರುವುದಿಲ್ಲ.

• ವಾರಕ್ಕೊಂದು ವರಸೆಯನ್ನು ಫೋನಿನ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿ ಟೀಚರ್‌ಗೆ ಕಳಿಸಿ. ಕಾಲ್‌ನಲ್ಲಿ ಕೇಳದ್ದು ಅದರಲ್ಲಿ ಅವರಿಗೆ ಕೇಳುತ್ತದೆ.

• ಸಾಧ್ಯವಾದರೆ ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಮಗು ಒಬ್ಬಳಿಗೇ ಸಮಯ ಕೊಡಿ ಅಂತ ಟೀಚರ್‌ನ ಕೇಳಿ. ನಾವು ಕೇಳಿದೆವು, ಒಪ್ಪಿದರು.

ನಾನು ಮಾಡಿದ ಎರಡನೇ ತಪ್ಪು

ಅಪರಾಧಿ ಭಾವ ಇದೆಯಲ್ಲ, ಅದು ತಂದೆತಾಯಿಯನ್ನು ವಿಪರೀತ ಚುರುಕು ಮಾಡಿಬಿಡುತ್ತದೆ. ಕ್ಯಾಲೆಂಡರಿನಲ್ಲಿ ಆರೂವರೆಯಿಂದ ಏಳೂಕಾಲು ಬ್ಲಾಕ್ ಮಾಡಿದೆ. ಅಭ್ಯಾಸಕ್ಕೆ ಎಕ್ಸೆಲ್ ಶೀಟ್ ಮಾಡಿದೆ. ಶ್ರುತಿ ಸರಿ ಇದೆಯಾ ಅಂತ ಮುಳ್ಳು ತೋರಿಸುವ ಟ್ಯೂನರ್ ಆ್ಯಪ್ ಹಾಕಿಕೊಂಡು ಅವಳ ಮುಂದೆ ಕೂತೆ. “ಧೈವತ ಸ್ವಲ್ಪ ಕೆಳಗೆ ಇದೆ ಪುಟ್ಟಿ”, “ಇನ್ನೊಂದ್ಸಲ”, “ಬೆನ್ನು ನೆಟ್ಟಗೆ”. ನನಗೋ ಧೈವತ ಅಂದರೆ ಏನು ಅಂತ ಗೊತ್ತಾಗಿ ನಾಲ್ಕು ದಿನವಾಗಿತ್ತು.

ಐದನೇ ದಿನ ಅವಳು ಶ್ರುತಿ ಆಫ್ ಮಾಡಿ, “ನೀನೇನು ಮಿಸ್ಸಾ?” ಅಂದಳು.

ಈ ವಯಸ್ಸೇ ಹಾಗೆ. ಹನ್ನೊಂದು, ಹನ್ನೆರಡು, ಹದಿಮೂರು. ಐದು ವರ್ಷದವರಂತೆ ಯಾರ ಮುಂದೆ ಬೇಕಾದರೂ ಹಾಡಿ ಚಪ್ಪಾಳೆ ತಗೊಳ್ಳುವ ಕಾಲ ಮುಗಿದಿರುತ್ತದೆ. ತನ್ನ ಧ್ವನಿ ಬೇರೆಯವರಿಗೆ ಹೇಗೆ ಕೇಳುತ್ತದೋ ಅನ್ನುವ ಅಳುಕು ಆಗಷ್ಟೇ ಶುರುವಾಗಿರುತ್ತದೆ. ಗಂಡು ಮಕ್ಕಳಿಗಂತೂ ಇದೇ ಆಸುಪಾಸಿನಲ್ಲಿ ಧ್ವನಿ ಒಡೆಯುತ್ತದೆ. ಆಗ ಶ್ರುತಿ ಇಳಿಸಬೇಕಾಗುತ್ತದೆ, ಮೇಲಿನ ಸ್ವರಕ್ಕೆ ಒತ್ತಾಯ ಮಾಡಬಾರದು ಅಂತ ಟೀಚರ್ ಹೇಳಿದರು. ಇಂಥ ಹೊತ್ತಿನಲ್ಲಿ ಮಗುವಿಗೆ ಎರಡನೇ ಟೀಚರ್ ಬೇಕಾಗಿರುವುದಿಲ್ಲ.

ಹಾಗಾದರೆ ಏನು ಬೇಕು? ಉತ್ತರ ಕೊಟ್ಟವರು ಅಮ್ಮ. ಫೋನಿನಲ್ಲಿ ನನ್ನ ಗೋಳು ಕೇಳಿ, “ಸುಮ್ನೆ ಪಕ್ಕದಲ್ಲಿ ಕೂತ್ಕೊಂಡು ಸೊಪ್ಪು ಬಿಡಿಸೇ. ನೀನು ಮಗ್ಗಿ ಹೇಳೋವಾಗ ನಾನು ಮಾಡ್ತಿದ್ದದ್ದು ಅದೇ” ಅಂದರು.

ಹಾಗೇ ಮಾಡಿದೆ. ಎಕ್ಸೆಲ್ ಬಿಟ್ಟೆ, ಟ್ಯೂನರ್ ಅಳಿಸಿದೆ. ದಿನಾ ಹದಿನೈದು ನಿಮಿಷ, ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪೋ ದಂಟಿನ ಸೊಪ್ಪೋ ಬಿಡಿಸುತ್ತಾ ಕೂತೆ. ಫೋನ್ ಬೇರೆ ರೂಮಿನಲ್ಲಿ. ಮೊದಲ ವಾರ ಅವಳು ಪಿಸುಗುಟ್ಟುತ್ತಲೇ ಇದ್ದಳು. ನಾನು ಜೋರಾಗಿ ಹಾಡು ಅನ್ನಲಿಲ್ಲ. ಅನ್ನದೇ ಇರುವುದು ಎಷ್ಟು ಕಷ್ಟ ಅಂತ ಅಂದುಕೊಂಡಾಗಲೇ ಗೊತ್ತಾಗುವುದು. ಎರಡನೇ ವಾರದಲ್ಲಿ ಒಂದು ದಿನ ನಾನು ತೊಡೆ ಮೇಲೆ ಸುಮ್ಮನೆ ತಾಳ ತಟ್ಟಿದೆ. ತಕ್ಷಣ ನಿಲ್ಲಿಸಿ, “ಅಮ್ಮಾ, ತಪ್ಪು!” ಅಂದಳು. ಮನೆಯವರಿಗೆಲ್ಲ ಕೇಳುವಷ್ಟು ಜೋರಾಗಿ.

ಆದಿ ತಾಳದಲ್ಲಿ ಎಂಟು ಎಣಿಕೆ. ಮೊದಲು ಒಂದು ತಟ್ಟು, ಕಿರುಬೆರಳಿನಿಂದ ಶುರು ಮಾಡಿ ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಕೈ ಮಗುಚುವುದು ಎರಡು ಸಲ. ಅದನ್ನು ನನಗೆ ತೋರಿಸಲು ಹೋಗಿ ಅವಳೂ ಬೆರಳೆಣಿಕೆಯಲ್ಲಿ ತಡವರಿಸಿದಳು. ಯಾಕೆ ಅಂತ ನೋಡಿದರೆ, ಪರದೆಯಲ್ಲಿ ಟೀಚರ್ ಮುಖ ಮಾತ್ರ ಕಾಣುತ್ತಿತ್ತು. ತಾಳ ಹಾಕುವ ಕೈ ಚೌಕಟ್ಟಿನ ಕೆಳಗೆ ಇರುತ್ತಿತ್ತು! ಎಂಟು ತಿಂಗಳು ಅವಳು ಕೈ ನೋಡದೆ ತಾಳ ಕಲಿತಿದ್ದಳು. ಟೀಚರ್‌ಗೆ ಹೇಳಿದೆವು. ಮುಂದಿನ ಕ್ಲಾಸಿಗೆ ಕ್ಯಾಮೆರಾ ಒಂದು ಅಡಿ ಹಿಂದೆ ಹೋಯಿತು. “ಒಂಬತ್ತು ಮನೆಯಲ್ಲಿ ಒಬ್ಬರೂ ಹೇಳಿರಲಿಲ್ಲ ನೋಡಿ” ಅಂದರು. ಹೇಳಬೇಕಾದರೆ ಯಾರಾದರೂ ಪಕ್ಕದಲ್ಲಿ ಕೂತಿರಬೇಕಲ್ಲ.

ಪರದೆಯ ಆಚೆಗೂ ಸಂಗೀತ ಇದೆ

ಒಂದು ಭಾನುವಾರ ಅವಳನ್ನು ಗಾಯನ ಸಮಾಜಕ್ಕೆ ಕರೆದುಕೊಂಡು ಹೋದೆ. 1905ರಲ್ಲಿ ಶುರುವಾದ ಸಂಸ್ಥೆ, ಕೆ.ಆರ್. ರಸ್ತೆಯಲ್ಲಿದೆ. ನಾನು ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಒಳಗೆ ಕಾಲಿಟ್ಟಿರಲಿಲ್ಲ. ಕಛೇರಿ ಪೂರ್ತಿ ಅವಳು ಕೂರುತ್ತಾಳೆ ಅನ್ನುವ ಆಸೆ ನನಗಿರಲಿಲ್ಲ. ಮುಕ್ಕಾಲು ಗಂಟೆ ಕೂತಳು. ಹೊರಗೆ ಬಂದು ಕಾಫಿ ಕುಡಿಯುವಾಗ ಅವಳು ಹೇಳಿದ್ದು ರಾಗದ ಬಗ್ಗೆ ಅಲ್ಲ: “ಅವರು ಎಷ್ಟು ದೊಡ್ಡದಾಗಿ ಬಾಯಿ ತೆರೀತಾರಮ್ಮ! ನಾಚಿಕೇನೇ ಇಲ್ಲ.” ಅದನ್ನು ಯಾವ ವಿಡಿಯೊದಿಂದಲೂ ಅವಳು ಕಲಿತಿರಲಿಲ್ಲ. ಬೇಸಿಗೆಯಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ನಡೆಯುತ್ತವೆ. 1939ರಿಂದ ಬಂದ ಪದ್ಧತಿ. ಮುಂದೆ ಅಲ್ಲಿಗೂ ಹೋಗುವ ಯೋಚನೆ ಇದೆ. ನಿಮ್ಮ ಊರಿನಲ್ಲೂ ದೇವಸ್ಥಾನದ ಅಂಗಳವೋ ಸಂಗೀತ ಸಭೆಯೋ ಇದ್ದೇ ಇರುತ್ತದೆ. ಆನ್‌ಲೈನಿನಲ್ಲಿ ಕಲಿಯುವ ಮಗುವಿಗೆ, ಹಾಡುವವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ತೋರಿಸಿ.

ಆಫೀಸಿನ ಮಾತು ಬಿಟ್ಟರೆ ಈ ಬರಹ ಅಪ್ರಾಮಾಣಿಕವಾದೀತು. ವಾರಕ್ಕೆ ಎರಡು ಸಂಜೆ ಕಾಲ್ ಬಿಡಲು ಮ್ಯಾನೇಜರ್ ಹತ್ತಿರ ಕೇಳುವಾಗ ಹಿಂಜರಿಕೆಯಾಯಿತು. ಮಗಳ ಪರೀಕ್ಷೆ ಅಂದರೆ ಸುಲಭವಾಗಿ ಒಪ್ಪುತ್ತಾರೆ, ‘ಮಗಳ ಸರಳೆ ವರಸೆ’ ಅಂದರೆ ಏನಂತಾರೋ ಅಂತ. ಕೊನೆಗೆ ಒಂದು ಸಂಜೆ ನನಗೆ ಸಿಕ್ಕಿತು, ಇನ್ನೊಂದನ್ನು ಗಂಡ ವಹಿಸಿಕೊಂಡರು. ಇಬ್ಬರಿಗೂ ಆಗದ ದಿನ ನಿಯಮ ಒಂದೇ: ಕಾಲ್ ಇರುವವರು ಬಾಲ್ಕನಿಗೆ ಹೋಗಬೇಕು. ಹಾಡುವವಳು ಎಲ್ಲಿಗೂ ಹೋಗುವುದಿಲ್ಲ.

ಅವಳು ದೊಡ್ಡ ಗಾಯಕಿ ಆಗುತ್ತಾಳೆ ಅಂತ ನಾನು ಹೇಳುತ್ತಿಲ್ಲ. ತಾರಷಡ್ಜಕ್ಕೆ ಈಗಲೂ ಏದುಸಿರು ಬಿಡುತ್ತಾಳೆ. ಜೂನಿಯರ್ ಪರೀಕ್ಷೆಗೆ ಕೂರಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಅದು ಅವಳಿಗೆ ಬಿಟ್ಟದ್ದು. ಆದರೆ ಬೆಳಿಗ್ಗೆ ಏಳೂವರೆಗೆ ಸಾಕ್ಸ್ ಹುಡುಕುತ್ತಾ, ಬ್ಯಾಗ್ ತುಂಬುತ್ತಾ ಮಲಹರಿ ಗೀತೆ ಹಾಡುತ್ತಾಳೆ. ಮೇಲಿನ ಮನೆಯವರಿಗೂ ಕೇಳುತ್ತದೆ ಅಂತ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದರು. ದೂರಲಿಲ್ಲ, ಸದ್ಯ.

ಹೋದ ವಾರ ಒಂದು ಕಾಲ್ ಅನಿರೀಕ್ಷಿತವಾಗಿ ಸಂಜೆ ಏಳರವರೆಗೂ ಎಳೆಯಿತು. ನಾನು ಬಾಲ್ಕನಿಯಲ್ಲಿದ್ದೆ, ಬಾಗಿಲು ಅರೆ ತೆರೆದಿತ್ತು. ಒಳಗಿಂದ ಜಂಟಿ ವರಸೆ ಮೂರನೇ ಕಾಲದಲ್ಲಿ ಬರುತ್ತಿತ್ತು. ಆ ಕಡೆಯ ಸಹೋದ್ಯೋಗಿ ಮಾತು ನಿಲ್ಲಿಸಿ, “ಅದೇನು ಸದ್ದು?” ಅಂದ.

“ಸಾರಿ” ಅನ್ನುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

“ನನ್ನ ಮಗಳು. ಸಂಗೀತ ಅಭ್ಯಾಸ ಮಾಡ್ತಿದ್ದಾಳೆ” ಅಂದೆ. ಮೈಕ್ ಮ್ಯೂಟ್ ಮಾಡಿಕೊಂಡದ್ದು ನಾನು.